ಗಂಟೆ ಹೊಡೆಯಿತು, ಲಿಫ್ಟ್ ಬರಲಿಲ್ಲ

ದಸರಾ ರಜೆಯ ಒಂದು ಮಧ್ಯಾಹ್ನ. ಮಗ, ಸೊಸೆ ಆಫೀಸಿಗೆ ಹೋಗಿದ್ದರು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯ ಮನೆಯಲ್ಲಿ ನಾನೂ ಮೊಮ್ಮಗಳು ಪುಟ್ಟಿಯೂ ಊಟ ಮುಗಿಸಿ ಚೌಕಾಬಾರ ಆಡುತ್ತಾ ಕೂತಿದ್ದೆವು. ಎಲ್ಲೋ ದೂರದಲ್ಲಿ ಗಂಟೆ ಹೊಡೆದ ಹಾಗೆ ಕೇಳಿಸಿತು.

“ಪಕ್ಕದ ಕಟ್ಟಡದ್ದಿರಬೇಕು. ನೀನು ಕವಡೆ ಹಾಕು” ಎಂದೆ.

“ಇಲ್ಲ ತಾತ, ನಮ್ಮದೇ. ಕೆಳಗಿನ ಮಹಡಿಯಿಂದ ಬರ್ತಿದೆ.”

ಹತ್ತು ವರ್ಷದವಳ ಕಿವಿ ನನ್ನ ಕಿವಿಗಿಂತ ಚುರುಕು. ಬಾಗಿಲು ತೆರೆದು ನೋಡಿದರೆ ರಬ್ಬರ್ ಸುಟ್ಟಂಥ ಸಣ್ಣ ವಾಸನೆ. ಓಡಿ ಹೋಗಿ ಲಿಫ್ಟಿನ ಗುಂಡಿ ಒತ್ತಿದೆ. ಮೇಲೆ ಬರಬೇಕಾದ ಲಿಫ್ಟ್ 4, 3, 2 ಎಂದು ಇಳಿಯುತ್ತಾ ಹೋಗಿ ನೆಲಮಹಡಿಯಲ್ಲಿ ನಿಂತೇಬಿಟ್ಟಿತು. ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಅಲುಗಾಡಲಿಲ್ಲ. “ತಿಂಗಳು ತಿಂಗಳು ಇಷ್ಟು ದುಡ್ಡು ಕಟ್ಟಿಸಿಕೊಳ್ತಾರೆ, ಬೇಕಾದಾಗ ಲಿಫ್ಟೇ ಕೆಡುತ್ತೆ” ಎಂದು ಗೊಣಗಿದೆ. ಪುಟ್ಟಿ ನನ್ನ ಕೈ ಹಿಡಿದೆಳೆದಳು. “ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು ಅಂತ ಸ್ಕೂಲಲ್ಲಿ ಹೇಳಿದ್ದಾರೆ ತಾತ. ಮೆಟ್ಟಿಲ ಕಡೆ ಬಾ.”

ಮೊಗಸಾಲೆಯ ಕೊನೆಯಲ್ಲಿ ಮೆಟ್ಟಿಲು. ಅದರ ಬಾಗಿಲನ್ನು ತಳ್ಳಿದರೆ ಒಳಗಿಂದ ಯಾರೋ ಅದುಮಿ ಹಿಡಿದ ಹಾಗೆ ಬಿಗಿ. ಭುಜ ಕೊಟ್ಟು ತಳ್ಳಿದಾಗ ತೆರೆದುಕೊಂಡಿತು, ಮುಖಕ್ಕೆ ಜೋರಾಗಿ ಗಾಳಿ ಬಡಿಯಿತು. ಒಂದೊಂದೇ ಮೆಟ್ಟಿಲು ಇಳಿದೆವು. ಐದನೇ ಮಹಡಿ ದಾಟುವಾಗ ಆಚೆ ಕಡೆ ಹೊಗೆ ಇರುವುದು ಬಾಗಿಲಿನ ಗಾಜಿನಿಂದ ಕಂಡಿತು. ಆದರೆ ಮೆಟ್ಟಿಲ ಮೇಲೆ ಒಂದೆಳೆ ಹೊಗೆಯೂ ಇರಲಿಲ್ಲ.

ಗೇಟಿನ ಬಳಿ ಎಲ್ಲರೂ ಸೇರಿದ್ದರು. ನಾನು ಉಸಿರು ಸುಧಾರಿಸಿಕೊಳ್ಳುತ್ತಾ ಕಲ್ಲಿನ ಮೇಲೆ ಕೂತೆ. ಆಗ ಪುಟ್ಟಿ ಸುತ್ತ ನೋಡಿ ಕೇಳಿದಳು: “ತಾತ, ನಮ್ಮ ಮಹಡಿಯ ಕೊನೇ ಮನೆ ಅಜ್ಜಿ ಎಲ್ಲಿ?”

ನನ್ನ ಎದೆ ಧಸಕ್ಕೆಂದಿತು. ಆ ಅಜ್ಜಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಹಗಲು ಹೊತ್ತು ಒಬ್ಬರೇ ಇರುತ್ತಾರೆ. ಅವರ ಮನೆ ಇರುವುದು ಮೆಟ್ಟಿಲ ಬಾಗಿಲಿಗೆ ಅಂಟಿಕೊಂಡೇ. ನಾವಿಬ್ಬರೂ ಅವರ ಬಾಗಿಲ ಮುಂದೆಯೇ ಹಾದು ಬಂದಿದ್ದೆವು. ಕದ ತಟ್ಟಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕಾವಲಿನ ಹುಡುಗ ಮಾತು ಮುಗಿಯುವ ಮೊದಲೇ ಮೆಟ್ಟಿಲು ಹತ್ತಿ ಓಡಿದ. ಅವನು ಅಜ್ಜಿಯ ಕೈ ಹಿಡಿದು ಕೆಳಗೆ ಕರೆತರುವಷ್ಟರಲ್ಲಿ ಹದಿನೈದು ನಿಮಿಷ ಕಳೆದಿತ್ತು. ನನ್ನ ಜೀವನದಲ್ಲಿ ಅಷ್ಟು ಉದ್ದದ ಹದಿನೈದು ನಿಮಿಷ ಬೇರೆ ಇಲ್ಲ. “ಟಿ.ವಿ. ನೋಡ್ತಾ ಕೂತಿದ್ದೆ, ಗಂಟೆ ಏನೂ ಕೇಳಿಸ್ಲಿಲ್ಲಪ್ಪ” ಎಂದರು ಅಜ್ಜಿ.

ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಐದನೇ ಮಹಡಿಯ ವಿದ್ಯುತ್ ಡಕ್ಟಿನಲ್ಲಿ ಒಂದು ಕೇಬಲ್ಲಿನ ಜೋಡಣೆ ಕಾದು, ಅದರ ಹೊದಿಕೆ ಸುಟ್ಟಿತ್ತು. ಮೇಂಟೆನೆನ್ಸ್ ಹುಡುಗರು ಕರೆಂಟ್ ತೆಗೆದು, ಬೆಂಕಿ ಆರಿಸುವ ಸಿಲಿಂಡರಿನಿಂದ ಅಲ್ಲಿಗೇ ನಿಲ್ಲಿಸಿದರು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಟ್ಟಡದ ದಿನವಹಿ

ಮರುದಿನ ಬೆಳಿಗ್ಗೆ ಪುಟ್ಟಿಯನ್ನು ಕರೆದುಕೊಂಡು ನೆಲಮಹಡಿಯ ಕಂಟ್ರೋಲ್ ರೂಮಿಗೆ ಹೋದೆ. ಮೇಂಟೆನೆನ್ಸ್ ಸೂಪರ್‌ವೈಸರ್ ಗೋಡೆಯ ಮೇಲಿನ ಕೆಂಪು ಪೆಟ್ಟಿಗೆಯನ್ನು ತೋರಿಸಿದರು. “ಸಾರ್, ನಿನ್ನೆ ಏನೇನಾಯ್ತು ಅಂತ ಇದೇ ಬರೆದಿಟ್ಟಿದೆ, ಓದಿ.”

ಓದುತ್ತಾ ಹೋದ ಹಾಗೆ ನನಗೆ ಬ್ಯಾಂಕಿನ ಡೇ ಬುಕ್ ನೆನಪಾಯಿತು. ಗಂಟೆ, ನಿಮಿಷ, ಸೆಕೆಂಡಿನ ಸಮೇತ ಒಂದೊಂದು ಸಾಲು. ಮೊದಲ ಸಾಲು: ಐದನೇ ಮಹಡಿಯ ಡಕ್ಟಿನಲ್ಲಿ ಹೊಗೆ. ಹೊಗೆಯನ್ನು ಗುರುತಿಸಿದ್ದು ಚಾವಣಿಗೆ ಅಂಟಿಸಿದ ಬಟ್ಟಲಿನಂಥ ಒಂದು ಸಾಧನ. ಹಳೆಯ ಹೆಂಚಿನ ಮನೆಗಳಲ್ಲಿ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲುಕೋಲನ್ನು ಅಜ್ಜ ಅಜ್ಜಿಯರು ನೋಡಿರುತ್ತೀರಿ. ಒಲೆಯ ಹೊಗೆ ಅದರಲ್ಲಿ ಹಾದಾಗ ಬೆಳಕು ನಾಲ್ಕೂ ಕಡೆ ಚೆದರಿ ಹೊಳೆಯುತ್ತದೆ. ಈ ಬಟ್ಟಲಿನೊಳಗೂ ಅಂಥದ್ದೇ ಒಂದು ಪುಟ್ಟ ಬೆಳಕಿನ ಕೋಲಿದೆ. ಹೊಗೆ ಒಳಹೊಕ್ಕರೆ ಬೆಳಕು ಚೆದರಿ, ಪಕ್ಕದಲ್ಲಿ ಕಾಯುತ್ತಿರುವ ಕಣ್ಣಿನ ಮೇಲೆ ಬೀಳುತ್ತದೆ. ಆ ಕಣ್ಣು ಕೆಂಪು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ.

ಎರಡನೆಯ ಸಾಲು: ಲಿಫ್ಟ್ ನೆಲಮಹಡಿಗೆ. ಲಿಫ್ಟ್ ಕೆಟ್ಟಿರಲಿಲ್ಲ! ಬೆಂಕಿಯ ಹೊತ್ತಿನಲ್ಲಿ ಯಾರೂ ಒಳಗೆ ಸಿಕ್ಕಿಹಾಕಿಕೊಳ್ಳಬಾರದೆಂದು ಅದು ತಾನಾಗಿಯೇ ಕೆಳಗಿಳಿದು, ಬಾಗಿಲು ತೆರೆದು ನಿಂತಿತ್ತು. ನಾನು ಬೈದದ್ದು ನನ್ನ ಜೀವ ಕಾಯುತ್ತಿದ್ದ ಯಂತ್ರವನ್ನು.

ಮೂರನೆಯ ಸಾಲು: ಮೆಟ್ಟಿಲಿನ ಫ್ಯಾನ್ ಚಾಲೂ. ದೊಡ್ಡ ಫ್ಯಾನೊಂದು ಮೆಟ್ಟಿಲ ಗೂಡಿಗೆ ಹೊರಗಿನ ಗಾಳಿ ತುಂಬಿ ಒತ್ತಡ ಹೆಚ್ಚಿಸುತ್ತದೆ. ಗಾಳಿ ಒಳಗಿನಿಂದ ಹೊರಕ್ಕೆ ನುಗ್ಗುವುದರಿಂದ ಹೊಗೆ ಒಳಗೆ ಬರಲಾರದು. ಬಾಗಿಲು ಬಿಗಿಯಾಗಿದ್ದದ್ದು ಅದಕ್ಕೇ.

“ಹಾಗಾದ್ರೆ ಸಿನಿಮಾದಲ್ಲಿ ತೋರಿಸೋ ಹಾಗೆ ಎಲ್ಲಾ ಕಡೆ ಮಳೆ ಯಾಕೆ ಸುರಿಯಲಿಲ್ಲ ಅಂಕಲ್?” ಎಂದಳು ಪುಟ್ಟಿ. ಸೂಪರ್‌ವೈಸರ್ ನಕ್ಕರು. ಚಾವಣಿಯ ಸ್ಪ್ರಿಂಕ್ಲರಿನಲ್ಲಿ ಕೆಂಪು ದ್ರವ ತುಂಬಿದ ಕಿರುಬೆರಳಿಗಿಂತ ಸಣ್ಣ ಗಾಜಿನ ಬುರುಡೆ ಇದೆ. ಅದು ನೀರಿಗೆ ಅಡ್ಡ ಹಾಕಿದ ಬಿರಡೆ. ಬಿಸಿ 68 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ದ್ರವ ಹಿಗ್ಗಿ ಗಾಜು ಒಡೆಯುತ್ತದೆ, ನೀರು ಚಿಮ್ಮುತ್ತದೆ. ಎಲ್ಲಿ ಬಿಸಿಯೋ ಅಲ್ಲಿಯದು ಮಾತ್ರ. ಅದಕ್ಕೆ ಕಂಪ್ಯೂಟರ್ ಬೇಡ, ಕರೆಂಟೂ ಬೇಡ.

ಓದಿ ಮುಗಿಸಿದ ಮೇಲೆ ಪೆಟ್ಟಿಗೆಯ ಮೂಲೆಯಲ್ಲಿ ಉರಿಯುತ್ತಿದ್ದ ಒಂದು ಹಳದಿ ದೀಪ ಕಣ್ಣಿಗೆ ಬಿತ್ತು. “ಇದೇನು?” ಎಂದೆ.

ಸೂಪರ್‌ವೈಸರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದು ನಿಮ್ಮ ಮಹಡಿ ಗಂಟೆ ಸಾರ್. ಆಫ್ ಮಾಡಿದ್ದೀವಿ ಅಂತ ತೋರಿಸ್ತಿದೆ. ಎರಡು ತಿಂಗಳ ಹಿಂದೆ ನೀವೇ ಎಲ್ಲ ಸೇರಿ ಬರೆದು ಕೊಟ್ರಲ್ಲ…”

ಹೌದು, ಕೊಟ್ಟಿದ್ದೆವು. ಬಟ್ಟಲಿನೊಳಗೆ ಹುಳ ಹೊಕ್ಕು ಮೂರು ರಾತ್ರಿ ಸುಮ್ಮಸುಮ್ಮನೆ ಗಂಟೆ ಹೊಡೆದಿತ್ತು. ನಿದ್ದೆಗೆಟ್ಟ ಆರು ಮನೆಯವರು ಅರ್ಜಿ ಬರೆದೆವು. ಹುಳ ತೆಗೆಸಿ ಶುಚಿ ಮಾಡಿದ್ದು ಅದೇ ವಾರ. ಗಂಟೆಯನ್ನು ಮತ್ತೆ ಚಾಲೂ ಮಾಡಲು ಯಾರಿಗೂ ನೆನಪಾಗಲಿಲ್ಲ. ಯಂತ್ರ ಮಾತ್ರ ಮರೆಯದೆ ಎರಡು ತಿಂಗಳು ಹಳದಿ ದೀಪ ಹಚ್ಚಿಕೊಂಡು ಕೂತಿತ್ತು. ಆ ಅರ್ಜಿಯಲ್ಲಿ ಎರಡನೆಯ ಸಹಿ ನನ್ನದು. ಬ್ಯಾಂಕಿನಲ್ಲಿದ್ದಷ್ಟು ವರ್ಷ ಒಂದು ವೋಚರಿಗೂ ಎರಡು ಸಲ ನೋಡದೆ ಸಹಿ ಹಾಕಿದವನಲ್ಲ ನಾನು.

ಎಲ್ಲವೂ ಟ್ಯಾಲಿಯ ಲೆಕ್ಕ

ಅಂದಿನಿಂದ ಕಟ್ಟಡಗಳನ್ನು ನೋಡಿಕೊಳ್ಳುವ ಈ ಯಂತ್ರಗಳ ಬಗ್ಗೆ ನನಗೆ ಕುತೂಹಲ ಹುಟ್ಟಿತು. ತಿಳಿದುಕೊಂಡ ಹಾಗೆ ಅನಿಸಿದ್ದು, ಇದು ನನಗೆ ಗೊತ್ತಿರುವ ಕೆಲಸವೇ. ಸಂಜೆ ಬ್ಯಾಂಕಿನ ಕೌಂಟರ್ ಮುಚ್ಚಿದ ಮೇಲೆ ಪುಸ್ತಕದಲ್ಲಿ ಎಷ್ಟಿರಬೇಕು, ಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ತಾಳೆ ನೋಡುತ್ತಿದ್ದೆವು. ವ್ಯತ್ಯಾಸ ಬಂದರೆ ಹುಡುಕಿ ಸರಿ ಮಾಡಿ, ಮತ್ತೆ ಎಣಿಸುತ್ತಿದ್ದೆವು. ಕಟ್ಟಡದ ಯಂತ್ರವೂ ಇಷ್ಟೇ ಮಾಡುತ್ತದೆ. ಇರಬೇಕಾದದ್ದೆಷ್ಟು, ಇರುವುದೆಷ್ಟು, ವ್ಯತ್ಯಾಸವೆಷ್ಟು, ಸರಿ ಮಾಡು, ಮತ್ತೆ ನೋಡು. ನಾವು ದಿನಕ್ಕೊಮ್ಮೆ ಟ್ಯಾಲಿ ಮಾಡುತ್ತಿದ್ದೆವು, ಅದು ಕ್ಷಣಕ್ಷಣಕ್ಕೂ ಮಾಡುತ್ತದೆ.

ಇದಕ್ಕೆ ಅತಿ ಸರಳ ಉದಾಹರಣೆ ನಿಮ್ಮ ಮನೆಯ ಫ್ಲಶ್ ಟ್ಯಾಂಕಿನ ಒಳಗಿದೆ. ನೀರು ತುಂಬಿದಂತೆ ತೇಲುವ ಬುರುಡೆ ಮೇಲೇರಿ ನಲ್ಲಿಯನ್ನು ಮುಚ್ಚುತ್ತದೆ. ನೀರು ಇಳಿದರೆ ಬುರುಡೆಯೂ ಇಳಿದು ನಲ್ಲಿ ತೆರೆಯುತ್ತದೆ. ಈ ಉಪಾಯ ಹೊಸದಲ್ಲ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಟೆಸಿಬಿಯಸ್ ಎಂಬ ಗ್ರೀಕ್ ಪಂಡಿತ ತನ್ನ ನೀರುಗಡಿಯಾರದಲ್ಲಿ ನೀರಿನ ಮಟ್ಟ ಒಂದೇ ಸಮ ಇರಲೆಂದು ತೇಲುವ ಬಿರಡೆಯನ್ನು ಬಳಸಿದ್ದ.

ಬಿಸಿಯನ್ನು ಹತೋಟಿಯಲ್ಲಿಡುವ ಉಪಾಯ ಹೊಳೆದದ್ದು ಬಹಳ ತಡವಾಗಿ. 17ನೇ ಶತಮಾನದ ಆರಂಭದಲ್ಲಿ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ಚರವನು ಕೋಳಿಮೊಟ್ಟೆಗೆ ಕಾವು ಕೊಡುವ ಒಲೆಯೊಂದನ್ನು ಮಾಡಿದ. ಬಿಸಿ ಹೆಚ್ಚಿದರೆ ಅದರೊಳಗಿನ ದ್ರವ ಹಿಗ್ಗಿ ಒಲೆಗೆ ಹೋಗುವ ಗಾಳಿಯ ದಾರಿಯನ್ನು ತಾನೇ ಮುಚ್ಚುತ್ತಿತ್ತು. ಲಂಡನ್ನಿನ ಥೇಮ್ಸ್ ನದಿಯಲ್ಲಿ ನೀರಿನೊಳಗೆ ಸಾಗುವ ದೋಣಿ ಓಡಿಸಿದವನೂ ಇವನೇ.

ಕಟ್ಟಡಗಳ ಮಟ್ಟಿಗೆ ದೊಡ್ಡ ಹೆಜ್ಜೆ ಇಟ್ಟವರು ಒಬ್ಬ ಮೇಷ್ಟ್ರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಪಾಠ ಹೇಳುತ್ತಿದ್ದರು. ಚಳಿಯ ಸೀಮೆ, ನೆಲಮಾಳಿಗೆಯಲ್ಲಿ ಕುಲುಮೆ ಉರಿಸಿ ತರಗತಿಗಳನ್ನು ಬೆಚ್ಚಗಿಡಬೇಕು. ಶಾಲೆಯ ಜವಾನ ಪ್ರತಿ ಕೋಣೆಗೂ ಬಂದು, ಚಳಿಯೋ ಸೆಕೆಯೋ ನೋಡಿ, ಮತ್ತೆ ಕೆಳಗಿಳಿದು ಬಿಸಿಗಾಳಿಯ ಬಾಗಿಲನ್ನು ತಿರುಗಿಸಬೇಕಿತ್ತು. ಪಾಠಕ್ಕೂ ಅಡ್ಡಿ, ಅವನ ಕಾಲಿಗೂ ಶಿಕ್ಷೆ. ಜಾನ್ಸನ್ ಮೇಷ್ಟ್ರು ಕೋಣೆಯಲ್ಲೊಂದು ವಿದ್ಯುತ್ ಥರ್ಮೋಸ್ಟಾಟ್ ಇಟ್ಟು, ಕೋಣೆಯ ಹವೆ ಹೇಗಿದೆ ಎಂಬ ಸುದ್ದಿ ಗಂಟೆಯ ಮೂಲಕ ಕೆಳಗೆ ಮುಟ್ಟುವಂತೆ ಮಾಡಿದರು. 1883ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1885ರಲ್ಲಿ ಅವರು ಕಟ್ಟಿದ ಕಂಪನಿ ಈಗಲೂ ಜಾನ್ಸನ್ ಕಂಟ್ರೋಲ್ಸ್ ಹೆಸರಿನಲ್ಲಿ ಇದೇ ಕಸುಬು ಮಾಡುತ್ತಿದೆ.

ಮೊದಮೊದಲು ಯಂತ್ರ ಗಂಟೆ ಹೊಡೆಯುತ್ತಿತ್ತು, ಮನುಷ್ಯ ಕೆಲಸ ಮಾಡುತ್ತಿದ್ದ. ಈಗ ಗಂಟೆಯನ್ನು ಕೇಳುವುದೂ ಯಂತ್ರ, ಕೆಲಸ ಮಾಡುವುದೂ ಯಂತ್ರ.

ಸಾವಿರ ಜನರ ಮನೆ

ನನ್ನ ತಂಗಿಯ ಮಗ ಒಂದು ದೊಡ್ಡ ಕಚೇರಿ ಕಟ್ಟಡದ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕಿದ್ದಾನೆ. ನನ್ನ ಪ್ರಶ್ನೆಗಳ ಕಾಟ ತಡೆಯಲಾರದೆ, “ಒಂದು ಶನಿವಾರ ಬನ್ನಿ ಮಾವ, ತೋರಿಸ್ತೀನಿ” ಎಂದ. ಪುಟ್ಟಿಯೂ ಹೊರಟಳು.

ಅಲ್ಲಿ ಗೋಡೆಯ ತುಂಬ ಪರದೆಗಳು. ಪ್ರತಿ ಮಹಡಿಯ ನಕ್ಷೆ, ಅದರ ಮೇಲೆ ಅಂಕಿಗಳು. ಕಟ್ಟಡದ ತಂಪು ಹುಟ್ಟುವುದು ನೆಲಮಾಳಿಗೆಯ ಚಿಲ್ಲರ್ ಯಂತ್ರದಲ್ಲಿ. ಅದು ನೀರನ್ನು ಸುಮಾರು 7 ಡಿಗ್ರಿಗೆ ತಣಿಸಿ ಕೊಳವೆಗಳಲ್ಲಿ ಮೇಲೆ ಕಳಿಸುತ್ತದೆ. ಪ್ರತಿ ಮಹಡಿಯಲ್ಲೂ ದೊಡ್ಡ ಫ್ಯಾನು ಈ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಊದುತ್ತದೆ. ತಂಪಾದ ಗಾಳಿ ಕೋಣೆಗಳಿಗೆ ಹೋಗುತ್ತದೆ. ಕೋಣೆಯ ಬಿಸಿ ಹೀರಿದ ನೀರು ಸುಮಾರು 12 ಡಿಗ್ರಿಯಾಗಿ ಕೆಳಗೆ ಮರಳುತ್ತದೆ. ಕೋಣೆ ಸಾಕಷ್ಟು ತಂಪಾದರೆ ಯಂತ್ರ ನೀರಿನ ವಾಲ್ವನ್ನು ತುಸು ಮುಚ್ಚುತ್ತದೆ, ಫ್ಯಾನಿನ ವೇಗ ತಗ್ಗಿಸುತ್ತದೆ.

ಆ ವೇಗದ ಲೆಕ್ಕ ಕೇಳಿ ನನಗೆ ಬೆರಗಾಯಿತು. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದಕ್ಕೆ ಬೇಕಾದ ಶಕ್ತಿ ಅರ್ಧ ಆಗುವುದಿಲ್ಲ. ಲೆಕ್ಕದ ಪ್ರಕಾರ ಎಂಟರಲ್ಲಿ ಒಂದು ಪಾಲಾಗುತ್ತದೆ! ಚಕ್ರಬಡ್ಡಿ ಗೊತ್ತಿದ್ದ ನನಗೆ ಇಂಥ ಉಳಿತಾಯ ಗೊತ್ತಿರಲಿಲ್ಲ.

ಒಂದು ಸಭಾಂಗಣದ ಅಂಕಿ ನೋಡುತ್ತಿದ್ದ ಹಾಗೆಯೇ ಏರಿತು. “ಅಲ್ಲಿಗೆ ಈಗ ಜನ ಬಂದ್ರು” ಎಂದ ಅಳಿಯ. ಕ್ಯಾಮೆರಾ ನೋಡಿ ಹೇಳಿದ್ದಲ್ಲ. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಇರುತ್ತದೆಂದು ಮಕ್ಕಳು ಓದಿದ್ದೀರಿ. ಬಯಲಿನ ಗಾಳಿಯಲ್ಲಿ ಅದು ಹತ್ತು ಲಕ್ಷ ಪಾಲಿಗೆ 420ಕ್ಕಿಂತ ಸ್ವಲ್ಪ ಹೆಚ್ಚು. ಮುಚ್ಚಿದ ಕೋಣೆಯಲ್ಲಿ 1000 ದಾಟಿದರೆ ಹೊಸ ಗಾಳಿ ಸಾಲದೆಂದು ಅರ್ಥ. ಅಂಕಿ ಏರಿದ ಕೂಡಲೇ ಯಂತ್ರ ಹೊರಗಿನ ಗಾಳಿಯ ಕಿಂಡಿಯನ್ನು ಹೆಚ್ಚು ತೆರೆಯುತ್ತದೆ. ಜನ ಎದ್ದು ಹೋದ ಮೇಲೆ ಕಿಂಡಿಯನ್ನು ಕಿರಿದು ಮಾಡುತ್ತದೆ. ಮಧ್ಯಾಹ್ನದ ತರಗತಿಯಲ್ಲಿ ಆಕಳಿಕೆ ಬಂದರೆ ಕಿಟಕಿ ತೆರೆಯಿರಿ ಎಂದು ಮೇಷ್ಟ್ರು ಹೇಳುತ್ತಾರಲ್ಲ, ಅದೇ ಕೆಲಸ.

ಕರೆಂಟ್ ಹೋದರೆ ಜನರೇಟರ್ ತಾನೇ ಶುರುವಾಗುತ್ತದೆ. ಗುರುತಿನ ಚೀಟಿ ತೋರಿಸಿದರೆ ತೆರೆಯುವ ಬಾಗಿಲುಗಳನ್ನು ಹಿಡಿದಿಟ್ಟಿರುವುದು ವಿದ್ಯುತ್ ಅಯಸ್ಕಾಂತ. ಬೆಂಕಿಯ ಗಂಟೆ ಹೊಡೆದರೆ ಅದರ ಕರೆಂಟ್ ಕಡಿದು, ಬಾಗಿಲು ಸಡಿಲವಾಗುತ್ತದೆ. ಬ್ಯಾಂಕಿನ ಸ್ಟ್ರಾಂಗ್ ರೂಮ್ ಇದಕ್ಕೆ ತದ್ವಿರುದ್ಧ: ಏನೇ ಆದರೂ ಮುಚ್ಚಿಯೇ ಇರಬೇಕು. ಅಲ್ಲಿ ಕಾಯುವುದು ಹಣವನ್ನು, ಇಲ್ಲಿ ಜೀವವನ್ನು.

ಆಸ್ಪತ್ರೆಗಳಲ್ಲಿ ಈ ಗಾಳಿಯ ಒತ್ತಡ ಇನ್ನೂ ಸೂಕ್ಷ್ಮ. ಆಪರೇಷನ್ ಥಿಯೇಟರಿನ ಒಳಗೆ ಒತ್ತಡ ಹೊರಗಿಗಿಂತ ಹೆಚ್ಚಿರಬೇಕು, ಹೊರಗಿನ ಧೂಳು, ರೋಗಾಣು ಒಳಬರಬಾರದು. ಗಾಳಿಯಿಂದ ಹರಡುವ ರೋಗವಿರುವವರ ಕೋಣೆಯಲ್ಲಿ ಕಡಿಮೆ ಇರಬೇಕು, ಒಳಗಿನದು ಹೊರಹೋಗಬಾರದು.

“ಇಷ್ಟೆಲ್ಲ ಯಂತ್ರಗಳು ಬೇರೆ ಬೇರೆ ಕಂಪನಿಯವು, ಒಂದರ ಮಾತು ಇನ್ನೊಂದಕ್ಕೆ ಹೇಗಪ್ಪಾ ಅರ್ಥವಾಗುತ್ತೆ?” ಎಂದೆ. ಅದಕ್ಕೊಂದು ಸಾಮಾನ್ಯ ಭಾಷೆ ಇದೆಯಂತೆ: ಬ್ಯಾಕ್‌ನೆಟ್. 1995ರಲ್ಲಿ ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಅದನ್ನು ಗೊತ್ತುಪಡಿಸಿತು. ಯಾವ ಬ್ಯಾಂಕಿನ ಚೆಕ್ಕಾದರೂ ಕ್ಲಿಯರಿಂಗ್ ಹೌಸಿನಲ್ಲಿ ಚಲಾವಣೆಯಾಗಲು ಎಲ್ಲ ಬ್ಯಾಂಕುಗಳೂ ಒಂದೇ ನಮೂನೆ ಒಪ್ಪಿದ ಹಾಗೆ.

ಯಂತ್ರಕ್ಕೆ ತಿಳಿಯದ್ದು

ಹೊರಡುವ ಮುನ್ನ ಅಳಿಯ ಒಂದು ಮಾತು ಹೇಳಿದ. “ಮಾವ, ಯಂತ್ರ ತಾಳೆ ನೋಡುತ್ತೆ. ಆದ್ರೆ ಇರಬೇಕಾದ್ದು ಎಷ್ಟು ಅಂತ ಹೇಳೋರು ನಾವೇ. ನಾವು ತಪ್ಪು ಹೇಳಿದ್ರೆ ಅದು ತಪ್ಪನ್ನೇ ಶಿಸ್ತಾಗಿ ಮಾಡುತ್ತೆ.”

ಬಿಸಿಲು ಬೀಳುವ ಗೋಡೆಗೆ ಥರ್ಮೋಸ್ಟಾಟ್ ಹಾಕಿದರೆ, ಕೋಣೆಯಲ್ಲಿ ಜನ ಶಾಲು ಹೊದ್ದು ಕೂತಿದ್ದರೂ ಸೆಕೆಯೆಂದೇ ನಂಬಿ ತಂಪು ಸುರಿಯುತ್ತದೆ. ನಮ್ಮ ಮನೆಯ ಎ.ಸಿ.ಯನ್ನೇ ನೋಡಿ. ಸ್ಟಾರ್ ಗುರುತಿನ ಎ.ಸಿ.ಗಳು ಹಚ್ಚಿದಾಗ ಮೊದಲು 24 ಡಿಗ್ರಿಯಲ್ಲೇ ಇರಬೇಕೆಂಬ ನಿಯಮ ನಮ್ಮ ದೇಶದಲ್ಲಿ 2020ರ ಜನವರಿ 1ರಿಂದ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ. ಆದರೂ ನನ್ನ ಮಗ 18ಕ್ಕೆ ಇಳಿಸಿ ಕಂಬಳಿ ಹೊದ್ದು ಮಲಗುತ್ತಾನೆ. ಬಡ ಯಂತ್ರ ಏನು ಮಾಡೀತು?

ಬೀಗದ ಕೈ ಯಾರ ಹತ್ತಿರ ಇದೆ ಎಂಬುದೂ ಯಂತ್ರಕ್ಕೆ ತಿಳಿಯದು. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳ ಗ್ರಾಹಕರ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಒಳಗೆ ಬಂದದ್ದು ಆ ಅಂಗಡಿಗಳ ತಂಪು ಯಂತ್ರಗಳ ಕೆಲಸ ಮಾಡುತ್ತಿದ್ದ ಗುತ್ತಿಗೆದಾರ ಸಂಸ್ಥೆಯ ಪಾಸ್‌ವರ್ಡ್ ಕದ್ದು. ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ ಒಂದೊಂದು ಎಂಬ ನಮ್ಮ ಕಾಲದ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ನಮ್ಮ ಕಟ್ಟಡದ ಹಳದಿ ದೀಪ. ಯಂತ್ರ ತನ್ನ ಲೆಕ್ಕವನ್ನು ಸರಿಯಾಗಿಯೇ ಬರೆದಿತ್ತು, ಓದುವವರಿರಲಿಲ್ಲ. ಲಿಫ್ಟ್ ಇಳಿಸಿತು, ಗಾಳಿ ತುಂಬಿತು. ಕೊನೆಯ ಮನೆಯ ಅಜ್ಜಿಗೆ ಕಿವಿ ಕೇಳಿಸುವುದಿಲ್ಲ ಎಂಬುದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ಅದು ಗೊತ್ತಿದ್ದದ್ದು ನನಗೆ.

ಮಕ್ಕಳೇ, ನಿಮ್ಮ ಕಟ್ಟಡದಲ್ಲಿ ಹುಡುಕಿ

ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಇವನ್ನು ನೋಡಿ ಬನ್ನಿ. ಯಾವುದನ್ನೂ ಮುಟ್ಟಬೇಡಿ.

1. ನಿಮ್ಮ ಮಹಡಿಯಲ್ಲಿ ಹೊಗೆ ಗುರುತಿಸುವ ಬಟ್ಟಲು ಎಲ್ಲಿದೆ? ಅದರ ದೀಪ ಆಗಾಗ ಮಿನುಗುತ್ತದೆಯೇ?

2. ಸ್ಪ್ರಿಂಕ್ಲರಿನ ಗಾಜಿನ ಬುರುಡೆಯ ಬಣ್ಣ ಯಾವುದು? ಅದರ ಮೇಲೆ ಯಾರಾದರೂ ಸುಣ್ಣಬಣ್ಣ ಬಳಿದಿದ್ದಾರೆಯೇ? ಬಳಿದಿದ್ದರೆ ದೊಡ್ಡವರಿಗೆ ತಿಳಿಸಿ.

3. ಮೆಟ್ಟಿಲ ದಾರಿಯಲ್ಲಿ ಸೈಕಲ್, ಹೂಕುಂಡ, ಚಪ್ಪಲಿ ಗೂಡು ಅಡ್ಡ ಇವೆಯೇ?

4. ಓವರ್‌ಹೆಡ್ ಟ್ಯಾಂಕಿನ ಮೋಟಾರ್ ತಾನಾಗಿ ನಿಲ್ಲುತ್ತದೆಯೇ? ಟ್ಯಾಂಕ್ ತುಂಬಿದೊಡನೆ ನಿಲ್ಲುತ್ತದೆ, ಆದರೆ ಒಂದು ಬಕೆಟ್ ಖರ್ಚಾದೊಡನೆ ಮತ್ತೆ ಶುರುವಾಗುವುದಿಲ್ಲ. ಏಕೆ? (ಕ್ಷಣಕ್ಕೊಮ್ಮೆ ನಿಂತು ಶುರುವಾದರೆ ಮೋಟಾರ್ ಸುಟ್ಟುಹೋಗುತ್ತದೆ. ಆದ್ದರಿಂದ ನೀರು ಸಾಕಷ್ಟು ಇಳಿಯುವವರೆಗೆ ಕಾಯುವಂತೆ ಹೇಳಿಟ್ಟಿರುತ್ತಾರೆ.)

5. ನಿಮ್ಮ ಮಹಡಿಯಲ್ಲಿ ಗಂಟೆ ಕೇಳಿಸದವರು, ಬೇಗ ನಡೆಯಲಾಗದವರು ಯಾರಿದ್ದಾರೆ?

ಐದನೆಯ ಪ್ರಶ್ನೆಗೆ ಉತ್ತರವನ್ನು ನಾನೂ ಪುಟ್ಟಿಯೂ ಸೇರಿ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿದ್ದೇವೆ. ಹನ್ನೆರಡು ಮಹಡಿ, ಪ್ರತಿ ಮಹಡಿಗೊಂದು ಪುಟ. ಯಾರ ಕದವನ್ನು ಯಾರು ತಟ್ಟಬೇಕು ಎಂಬುದು ಪ್ರತಿ ಪುಟದ ಕೊನೆಯಲ್ಲಿದೆ. ನಮ್ಮ ಪುಟದಲ್ಲಿ ಅಜ್ಜಿಯ ಮನೆಯ ಎದುರು ನನ್ನ ಹೆಸರಿದೆ. ಅಜ್ಜಿಯ ಮಗ ಗಂಟೆಯ ಜೊತೆಗೆ ಮಿನುಗುವ ಒಂದು ದೀಪವನ್ನೂ ಅವರ ಟಿ.ವಿ.ಯ ಪಕ್ಕದಲ್ಲೇ ಹಾಕಿಸಿದ್ದಾರೆ.

ಈಗ ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಗಂಟೆಯ ಪರೀಕ್ಷೆ. ಸೂಪರ್‌ವೈಸರ್ ಕೆಳಗೆ ಗುಂಡಿ ಒತ್ತುತ್ತಾರೆ. ಪುಟ್ಟಿ ಮಹಡಿಯಿಂದ ಮಹಡಿಗೆ ಓಡಿ ಕೇಳಿಸಿಕೊಂಡು ಬರುತ್ತಾಳೆ. ನಾನು ಕೆಂಪು ಪೆಟ್ಟಿಗೆಯ ಮುಂದೆ ಕನ್ನಡಕ ಹಾಕಿ ನಿಂತು, ಹಳದಿ ದೀಪ ಆರಿದೆಯೇ ಎಂದು ನೋಡಿ, ತಾರೀಖು ಬರೆದು ಸಹಿ ಹಾಕುತ್ತೇನೆ. ಎರಡು ಸಲ ನೋಡಿದ ಮೇಲೆ.